ಮಿಸ್ ಹ್ಯಾಟಿಯ ಮನೆ ಮುಂದೆ ನಿಂತ ಗಾಡಿ

ದೆವ್ವ, ಶಕುನ, ಮೈಮೇಲೆ ಬರುವುದು, ಇವನ್ನೆಲ್ಲ ನಾನು ನಂಬಿದವನಲ್ಲ. ಯಾರಾದರೂ ಇಂಥ ಕತೆ ಶುರು ಮಾಡಿದರೆ, ಅವತ್ತು ಊಟಕ್ಕೆ ಏನಿತ್ತು ಎಂದು ಕೇಳಿ ನಗುತ್ತಿದ್ದೆ. ನನ್ನ ನೌಕರಿ ಲ್ಯಾಬಿನಲ್ಲಿ, ಬಿಡುವಿನ ಹೊತ್ತು ಹಳೆಯ ಸಾಮಾನಿನ ವ್ಯಾಪಾರದಲ್ಲಿ. ಎರಡೂ ಕಡೆ ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು ಮಾತ್ರ ಲೆಕ್ಕ. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾವಿದ್ದದ್ದು ವಾಷಿಂಗ್ಟನ್ನಿನ ಒಂದು ಹಳೆಯ ಬೀದಿಯಲ್ಲಿ. ಗೋಡೆಗೆ ಗೋಡೆ ಅಂಟಿಕೊಂಡ ಇಟ್ಟಿಗೆಯ ಮನೆಗಳು. ಅಗ್ಗಕ್ಕೆ ಸಿಕ್ಕಿತೆಂದು ಒಂದನ್ನು ಕೊಂಡಿದ್ದೆ. ಮನೆ ಕೊಳ್ಳುವವರಿಗೆ ಈಗಲೂ ಹೇಳುತ್ತೇನೆ: ಮಳೆ ಬಂದ ಮಾರನೆಯ ದಿನ ಹೋಗಿ, ನೇರ ಬೇಸ್‌ಮೆಂಟಿಗೆ ಇಳಿದು ಮೂಸಿ ನೋಡಿ. ಆದರೆ ಹೊಸ ರಸ್ತೆಗಾಗಿ ಇಡೀ ಬೀದಿಯನ್ನೇ ಕೆಡವುತ್ತಾರೆ ಎಂಬುದು ಮೂಸಿದರೆ ಗೊತ್ತಾಗುವಂಥದ್ದಲ್ಲ. ಒಂದೊಂದೇ ಮನೆ ಖಾಲಿಯಾಗುತ್ತಿತ್ತು. ಖಾಲಿಯಾದ ಮನೆಯ ಕಿಟಕಿ ಬಾಗಿಲಿಗೆ ಕೆಲಸದವರು ಬಂದು ಪ್ಲೈವುಡ್ ಹೊಡೆದು ಹೋಗುತ್ತಿದ್ದರು.

ನಮ್ಮ ಪಕ್ಕದ ಮನೆಯಲ್ಲಿದ್ದವರು ಮಿಸ್ ಹ್ಯಾಟಿ, ಎಂಬತ್ತು ದಾಟಿದ ಕಪ್ಪು ಹೆಂಗಸು. ಅದೇ ಮನೆಯಲ್ಲಿ ಹುಟ್ಟಿ, ಊರವರ ಬಟ್ಟೆ ಒಗೆದು ಇಸ್ತ್ರಿ ಮಾಡಿ ಬದುಕಿದವರು. ಅವರ ಅಡುಗೆಮನೆಯಲ್ಲಿ ಓಕ್ ಮರದ ಐಸ್ ಪೆಟ್ಟಿಗೆ ಇತ್ತು, ಫ್ರಿಜ್ಜು ಬರುವುದಕ್ಕೆ ಮುಂಚಿನ ಕಾಲದ್ದು. ನನ್ನ ಕಣ್ಣು ಅದರ ಮೇಲೆ. ಚೌಕಾಸಿಯಲ್ಲಿ ನನ್ನದೊಂದು ಪಾಠವಿದೆ: ಬೆಲೆ ಹೇಳಿ, ಎದ್ದು, ನಿಧಾನವಾಗಿ ಬಾಗಿಲ ಕಡೆ ನಡೆಯಿರಿ, ಕೊಡುವ ಮನಸ್ಸಿದ್ದವರು ಕೂಗಿ ಕರೆಯುತ್ತಾರೆ. ಮಿಸ್ ಹ್ಯಾಟಿ ಕರೆಯಲಿಲ್ಲ. "ಎಷ್ಟು ಸಲ ಬೇಕಾದ್ರೂ ಎದ್ದು ಹೋಗು ಮಗನೇ, ಬಾಗಿಲು ಮಾತ್ರ ಹಾಕ್ಕೊಂಡು ಹೋಗು," ಎಂದು ನಕ್ಕರು.

ಆಮೇಲೆ ಕೂರಿಸಿಕೊಂಡು ತಾವು ಹುಡುಗಿಯಾಗಿದ್ದಾಗಿನ ಬೀದಿಯ ಕತೆ ಹೇಳಿದರು. ಬೆಳಿಗ್ಗೆ ಕಲ್ಲಿದ್ದಲಿನವನು, ಮೀನಿನವನು, ಚಿಂದಿಯವನು, ಒಬ್ಬೊಬ್ಬರದು ಒಂದೊಂದು ಕೂಗು. ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುವ ಹೆಂಗಸರು. ಕುದುರೆಗಾಡಿಯಲ್ಲಿ ಬರುವ ಐಸಿನವನು ಮಾತ್ರ ಕೂಗುತ್ತಿರಲಿಲ್ಲವಂತೆ. ಕಿಟಕಿಯಲ್ಲಿ ರಟ್ಟಿನ ಕಾರ್ಡು ನೋಡಿಕೊಳ್ಳುತ್ತಿದ್ದ. ಅದರ ನಾಲ್ಕು ಅಂಚಿಗೂ ಒಂದೊಂದು ತೂಕದ ಅಂಕಿ. ಬೇಕಾದ್ದನ್ನು ಮೇಲೆ ಮಾಡಿ ಬೀದಿಗೆ ಕಾಣುವಂತೆ ಇಟ್ಟರೆ ಮರದ ಹೊಟ್ಟು, ಒದ್ದೆ ಗೋಣಿಯಡಿ ಮುಚ್ಚಿಟ್ಟ ಐಸಿನಲ್ಲಿ ಅಷ್ಟು ತೂಕದ ಗಡ್ಡೆಯನ್ನು ಹೆಗಲ ಮೇಲೆ ಹೊತ್ತು ತರುತ್ತಿದ್ದ. ಬೀದಿಗೆ ಕಾರ್ಡಿನ ಬರಿಯ ಬೆನ್ನು ಕಂಡರೆ ಇವತ್ತು ಬೇಡ ಎಂದರ್ಥ; ಕುದುರೆ ಒಂದು ಗಳಿಗೆ ನಿಂತು, ಹಾಗೇ ಮುಂದೆ ಹೋಗುತ್ತಿತ್ತು. ಆ ಕಾರ್ಡು ಇನ್ನೂ ಪೆಟ್ಟಿಗೆಯ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು.

ಒಂದು ಆಗಸ್ಟ್. ಬಿಸಿಲಿಗೆ ಟಾರು ಕರಗುತ್ತಿತ್ತು. ಕರೆಂಟು ಹೋದದ್ದು ಮಾರನೆಯ ದಿನವೂ ಬರಲಿಲ್ಲ. ಮಿಸ್ ಹ್ಯಾಟಿ ಹಾಸಿಗೆ ಹಿಡಿದರು, ಮೈ ಕೆಂಡವಾಗಿತ್ತು. ಆಸ್ಪತ್ರೆಗೆ ಹೋಗೋಣ ಎಂದರೆ ಮಂಚದ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡರು. "ನಾನು ಹೊಸಿಲು ದಾಟಿದ್ರೆ ಅವರು ಹಲಗೆ ಹೊಡೀತಾರೆ. ಆಮೇಲೆ ಎಲ್ಲಿಗೆ ಬರ್ಲಿ?" ಡಾಕ್ಟರ್ ಗೆಳೆಯನೊಬ್ಬನಿಗೆ ಫೋನ್ ಮಾಡಿದೆ. ಹಾಗಾದರೆ ಐಸ್ ಒತ್ತಿ ಮೈ ತಣ್ಣಗೆ ಮಾಡು, ತಡವಾದರೆ ಉಳಿಯುವುದಿಲ್ಲ ಎಂದ. ಹೆಂಡತಿ ಸರೋಜಳನ್ನು ಅವರ ಬಳಿ ಬಿಟ್ಟು ಕಾರು ತೆಗೆದೆ. ಅವತ್ತು ಊರಿಗೆಲ್ಲ ಐಸ್ ಬೇಕಾಗಿತ್ತು. ಯಾವ ಅಂಗಡಿಯಲ್ಲೂ ಇರಲಿಲ್ಲ.

ಮಧ್ಯಾಹ್ನ ಬರಿಗೈಯಲ್ಲಿ ಬಂದು ಕಾರಿನಿಂದ ಇಳಿದೆ. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಆಗ ತಿರುವಿನ ಕಡೆಯಿಂದ ಗೊರಸಿನ ಸದ್ದು ಕೇಳಿಸಿತು. ರಸ್ತೆ ಟಾರಿನದು, ಸದ್ದು ಮಾತ್ರ ಕಲ್ಲುಹಾಸಿನ ಮೇಲೆ ಕಬ್ಬಿಣದ ಪಟ್ಟಿಯ ಚಕ್ರ ಉರುಳಿದಂತೆ. ನನ್ನ ಮುಂದೆಯೇ ಹಾದುಹೋಯಿತು. ಕಂಡದ್ದು ಬರಿಯ ಬಿಸಿಲು. ಒದ್ದೆ ಗೋಣಿಯ ವಾಸನೆ, ಕಾಲಿಗೆ ತಣ್ಣನೆಯ ಗಾಳಿ. ಮಿಸ್ ಹ್ಯಾಟಿಯ ಮನೆ ಮುಂದೆ ಸದ್ದು ನಿಂತಿತು. ಕುದುರೆ ಬುಸ್ಸೆಂದಿತು. ಆಮೇಲೆ ಯಾರೋ ನಾಲಗೆ ಲೊಚಗುಟ್ಟಿ ಅದನ್ನು ಹೊರಡಿಸಿದರು. ಗಾಡಿ ನಿಧಾನವಾಗಿ ಬೀದಿಯ ಕೊನೆಗೆ ಹೋಯಿತು, ಅಲ್ಲಿಂದಾಚೆ ಏನೂ ಕೇಳಿಸಲಿಲ್ಲ.

ರಸ್ತೆಯ ಮೇಲೆ ನೀರಿನ ಹನಿಗಳ ಸಾಲು ಬಿದ್ದಿತ್ತು. ಅವರ ಮನೆ ಮುಂದೆ ಅಂಗೈಯಗಲ ನೀರು ನಿಂತಿತ್ತು, ಅಲ್ಲಿಂದ ಮುಂದಕ್ಕೆ ಮತ್ತೆ ಹನಿಗಳ ಸಾಲು. ಬಗ್ಗಿ ಮುಟ್ಟಿದೆ. ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಮರದ ಹೊಟ್ಟು ಅಂಟಿಕೊಂಡಿತು. ತಲೆಯೆತ್ತಿದರೆ ಕಿಟಕಿಯಲ್ಲಿ ಕಾರ್ಡು. ಬೀದಿಗೆ ಅದರ ಬರಿಯ ಬೆನ್ನು.

ಒಳಗೆ ಓಡಿದೆ. ಸರೋಜ ಒದ್ದೆ ಬಟ್ಟೆಯಲ್ಲಿ ಅವರ ಹಣೆ ಒರೆಸುತ್ತಿದ್ದಳು. "ಆ ಕಾರ್ಡ್ ಕಿಟಕೀಲಿಡು ಅಂತ ಒಂದೇ ಸಮ ಕೇಳ್ತಿದ್ರು ರೀ. ಅಜ್ಜಿಗೆ ಮಲಗಿದಲ್ಲಿಂದ್ಲೇ ಕಾಣ್ಲಿ ಅಂತ ಈ ಕಡೆ ಮುಖ ಮಾಡಿ ಇಟ್ಟೆ," ಎಂದಳು. ನಮ್ಮಲ್ಲಿ ಕಾಯಿಲೆಯವರ ಎದುರು ದೇವರ ಪಟ ಇಡುವುದು ಹಾಗೆಯೇ ತಾನೇ? ಸದ್ದು ಅವಳಿಗೆ ಕೇಳಿಸಿರಲಿಲ್ಲ. ಮಿಸ್ ಹ್ಯಾಟಿಗೆ ಕೇಳಿಸಿತ್ತು.

"ನಿಂತ. ನಿಂತು ಹೋದ," ಎಂದರು ನನ್ನನ್ನು ನೋಡಿ. "ನಮಗೆ ಬೇಡ ಅಂತ ಯಾರು ಹೇಳಿದ್ದು?"

ನಾನು ಕಾರ್ಡನ್ನು ಬೀದಿಯ ಕಡೆ ತಿರುಗಿಸಿ, ಎಲ್ಲಕ್ಕಿಂತ ದೊಡ್ಡ ಅಂಕಿಯನ್ನು ಮೇಲೆ ಮಾಡಿ ಇಟ್ಟೆ. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಹನಿಗಳು ಒಂದೊಂದಾಗಿ ಆರಿದವು. ಹೊತ್ತು ಮುಳುಗುವ ಮುಂಚೆ ಸರೋಜ ಬಾಗಿಲಿಗೆ ಬಂದು ನಿಂತಳು. ಅವಳ ಮುಖ ನೋಡಿದ ಮೇಲೆ ಕೇಳುವುದೇನೂ ಉಳಿಯಲಿಲ್ಲ. ಅದೇ ವಾರ ಪ್ಲೈವುಡ್ಡಿನವರು ಬಂದರು.

ಒಡೆದ ನೀರಿನ ಪೈಪು, ಪೊಲೀಸರ ಕುದುರೆ, ಬಿಸಿಲಿಗೆ ಕೆಟ್ಟ ನನ್ನ ತಲೆ, ಎಲ್ಲವನ್ನೂ ಯೋಚಿಸಿದ್ದೇನೆ. ಒಂದೂ ಹೊಂದುವುದಿಲ್ಲ. ಕಾರ್ಡಿನ ಬೆನ್ನಿಗೆ ಏನರ್ಥವೆಂದು ಸರೋಜಳಿಗೆ ಕೊನೆಯವರೆಗೂ ಹೇಳಲಿಲ್ಲ. ಈಗ ಅವಳಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರಿಗೂ ಎಲ್ಲದಕ್ಕೂ ಸಲಹೆ ಕೊಡುವ ನನ್ನಲ್ಲಿ ಇದಕ್ಕೊಂದು ಇಲ್ಲ. ಆ ಗಾಡಿ ನಿಧಾನವಾಗಿಯೇ ಹೋಯಿತು, ಬೆಲೆ ಹೇಳಿ ಎದ್ದವನು ಬಾಗಿಲ ಕಡೆ ನಡೆಯುವಷ್ಟು ನಿಧಾನವಾಗಿ. ನಾನು ಬೀದಿಯಲ್ಲೇ ನಿಂತಿದ್ದೆ. ಕೂಗಿ ಕರೆಯಲಿಲ್ಲ.