ಸಂಗಪ್ಪ ಸಾಹುಕಾರರ ಟೆಸ್ಟ್ ಡ್ರೈವ್

ಸಂಗಪ್ಪ ಸಾಹುಕಾರರು ಕಾರನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ, ಕಿವಿಯಿಂದ ನೋಡುತ್ತಿದ್ದರು. ಶೋರೂಮಿಗೆ ಬಂದವರೇ ಬಾಗಿಲು ತೆರೆದು ಧಡ್ಡನೆ ಮುಚ್ಚುವುದು, ಕಣ್ಣು ಮುಚ್ಚಿ ಆ ಸದ್ದು ಕೇಳುವುದು, ಮತ್ತೆ ತೆರೆಯುವುದು. ಆಮೇಲೆ ನನ್ನತ್ತ ತಿರುಗಿ, "ನಿಮ್ಮದು ಡಬ್ಬಿ ಮುಚ್ಚಿದಂಗ ಆಗತದ. ಆ ಜರ್ಮನಿ ಗಾಡಿದು ಕೇಳಿಯೇನು? ತಿಜೋರಿ ಅದ, ತಿಜೋರಿ!" ಎನ್ನುತ್ತಿದ್ದರು.

ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಪುಣೆಯ ರವಿವಾರ ಪೇಟೆಯಲ್ಲಿ ಅವರದು ಇಳಕಲ್ ಸೀರೆಯ ದೊಡ್ಡ ಅಂಗಡಿ. ನಾನು ಇಂಡಿ ಕಡೆಯವನು, ಜಪಾನಿ ಕಾರಿನ ಶೋರೂಮಿನಲ್ಲಿ ಸೇಲ್ಸ್‌ಮನ್. ನನ್ನ ಬಾಯಿಂದ ಕನ್ನಡ ಬಂದದ್ದೇ ತಡ, "ಅಲಲಾ, ನೀ ನಮ್ಮಾಂವ!" ಎಂದು ಬೆನ್ನು ತಟ್ಟಿದರು. ಆ ಒಂದು ಮಾತಿಗೆ ಕರಗಿ ನೀರಾದೆ. ಎಂಥ ಹುಚ್ಚ ನಾನು! ಮನೆಯಲ್ಲಿ ಹೆಂಡತಿ ಬಸುರಿ. ಈ ತಿಂಗಳು ಒಂದಾದರೂ ಗಾಡಿ ಮಾರದಿದ್ದರೆ ಕೆಲಸ ಬಿಡು ಎಂದು ಮ್ಯಾನೇಜರ್ ಹೇಳಿಯಾಗಿತ್ತು.

ನಮ್ಮಾಂವ ಎಂದರಲ್ಲ, ಎಲ್ಲವನ್ನೂ ಬಿಚ್ಚಿಟ್ಟೆ. ಜರ್ಮನ್ ಗಾಡಿಗೆ ಪಿಕಪ್ ಜೋರು, ಆದರೆ ಸರ್ವಿಸಿಂಗಿಗೆ ಬಿಟ್ಟರೆ ನುಣ್ಣಗೆ ಬೋಳಿಸುತ್ತಾರೆ. ನಮ್ಮದು ಘಾಟಿನಲ್ಲಿ ಒಂದು ಕೈ ಕಡಿಮೆಯೇ, ಆದರೆ ಲೀಟರಿಗೆ ಆ್ಯವರೇಜ್ ಜಾಸ್ತಿ, ವರ್ಷಗಟ್ಟಲೆ ತಂಟೆಯಿಲ್ಲ. ಅವರು ತಲೆಯಾಡಿಸುತ್ತ ಕೇಳಿದರು. ಸಂಜೆ ಇದೇ ಮಾತನ್ನು ಜರ್ಮನ್ ಶೋರೂಮಿನಲ್ಲಿ ಆಡಿ ಅಲ್ಲಿ ರೇಟು ಇಳಿಸುತ್ತಿದ್ದರೆಂದು ಆಮೇಲೆ ತಿಳಿಯಿತು.

"ಟೆಸ್ಟ್ ಡ್ರೈವ್ ಅಂದ್ರ ಊರಾಗ ಒಂದು ಸುತ್ತು ಹೊಡ್ಯೂದಲ್ಲೋ ತಮ್ಮಾ. ದಿವೆ ಘಾಟ್ ಹತ್ತಿಸಬೇಕು," ಎಂದರು ಒಂದು ಭಾನುವಾರ. ಘಾಟು ಹತ್ತಿಸಲು ಅವರ ಹೆಂಡತಿ, ಅತ್ತೆ, ಬುತ್ತಿಯ ಗಂಟು ಎಲ್ಲ ಬಂದವು. ಘಾಟು ಮುಗಿದರೂ ಗಾಡಿ ನಿಲ್ಲಲಿಲ್ಲ, ನೇರ ಜೇಜುರಿಗೆ ಹೋಯಿತು. ಮಲ್ಲಯ್ಯನ ದರ್ಶನ ಮುಗಿಸಿ ಬಂದವರು ಗಾಲಿಯ ಮುಂದೆ ಕಾಯಿ ಒಡೆದರು. "ಏಳುಕೋಟಿ, ಏಳುಕೋಟಿ" ಎನ್ನುತ್ತ ಮುಷ್ಟಿಗಟ್ಟಲೆ ಭಂಡಾರ ಎರಚಿದರು. ತೆರೆದ ಬಾಗಿಲಿನಿಂದ ಅರಿಸಿನವೆಲ್ಲ ಒಳಗೆ ಹೋಗಿ ಹಾಲಿನ ಬಣ್ಣದ ತೊಗಲಿನ ಸೀಟು ಮದುಮಗನಂತೆ ಹಳದಿಯಾಯಿತು. ನನಗೆ ಸಿಟ್ಟು ಬರಲಿಲ್ಲ, ಕಣ್ಣಲ್ಲಿ ನೀರು ಬಂತು. ಕೊಳ್ಳದ ಗಾಡಿಗೆ ಯಾರಾದರೂ ಪೂಜೆ ಮಾಡುತ್ತಾರೆಯೇ? ಅಲ್ಲಿಂದಲೇ ಮ್ಯಾನೇಜರಿಗೆ ಫೋನ್ ಮಾಡಿ, ಗಾಡಿ ಮಾರಾಟವಾಯಿತು ಸರ್, ಎಂದೆ.

ಮರುದಿನ ಬುಕಿಂಗ್ ಮಾಡಿಸಲು ಅವರ ಅಂಗಡಿಗೆ ಹೋದೆ. "ಪೂಜಾ ದೇವರಿಗೆ ಇರತದೋ, ಗಾಡಿಗಲ್ಲ. ಮಲ್ಲಯ್ಯನ ಮುಂದ ಬಂದು ನಿಂತಿತ್ತು, ಮಾಡಿದ್ವಿ," ಎಂದರು, ಸೀರೆ ಮಡಚುತ್ತಲೇ. "ನಿಮ್ಮ ಗಾಡಿ ಘಾಟಿನ್ಯಾಗ ಉಸ್ ಅಂತದ."

ಶೋರೂಮಿನಲ್ಲಿ ಮ್ಯಾನೇಜರ್ ಆ ಸೀಟು ತೋರಿಸಿ, "ಆತಾ ಹೇ ಕೋಣ್ ಪುಸಣಾರ್? ತುಝಾ ಖಂಡೋಬಾ?" ಎಂದು ಕೂಗಿದ. ಮರಾಠಿಯವರ ಖಂಡೋಬಾ ಎಂದರೆ ನಮ್ಮ ಮಲ್ಲಯ್ಯನೇ. ಒರೆಸಲು ಅವನೆಲ್ಲಿ ಬರುತ್ತಾನೆ, ಒರೆಸಿದವನು ನಾನೇ. ಒರೆಸಿದಷ್ಟೂ ಅರಿಸಿನ ಹರಡಿತು. ವಾರದೊಳಗೆ ನನ್ನನ್ನು ಕೆಲಸದಿಂದ ತೆಗೆದರು.

ಕೆಲವು ದಿನಗಳ ಮೇಲೆ ಸಾಹುಕಾರರು ಹೊಸ ಜರ್ಮನ್ ಗಾಡಿಯಲ್ಲಿ ನನ್ನ ಬಾಡಿಗೆ ಮನೆಗೇ ಬಂದರು. ಕೈಯಲ್ಲಿ ಪೇಢೆಯ ಪೊಟ್ಟಣ.

"ನೀ ತಿಳಿಸಿ ಹೇಳಿದ್ದು ಭಾಳ ಚಲೋ ಆತು ನೋಡು. ಈಗೊಬ್ಬ ಡ್ರೈವರ್ ಬೇಕಾಗ್ಯಾನ. ನಿನ್ನಷ್ಟು ಗಾಡಿ ತಿಳದಾಂವ ಯಾರದಾನ?"

ಆ ಪೇಢೆಯನ್ನು ಅವರ ಮುಖಕ್ಕೇ ಎಸೆಯಬೇಕಿತ್ತು. ಒಳಗೆ ಹೆಂಡತಿ ಕೆಮ್ಮಿದಳು. ಮಾನ ನುಂಗಿಕೊಂಡು, "ಯಾವಾಗಿಂದ ಬರ್ಲಿರಿ?" ಎಂದೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ತಡಿ, ಇನ್ನ ಇಬ್ಬರದಾರ. ಅವರನ್ನೂ ಒಮ್ಮೆ ಓಡಿಸಿ ನೋಡತೇನಿ."

ನಾಚಿಕೆ ಬಿಟ್ಟು ಎಷ್ಟೋ ದಿನ ಕಾದೆ. ಹೇಳಿ ಕಳಿಸಲೇ ಇಲ್ಲ.