ಐದನೆಯ ತೋಟೆ

ಸಂಜೀವ ಮಾವ ಕೊನೆಯ ಬಾರಿ ಕೋವಿಯ ಹಿಡಿ ಎಳೆದಾಗ ನಾನು ಅಡುಗೆಮನೆಯಲ್ಲಿ ನೀರುದೋಸೆ ಹೊಯ್ಯುತ್ತಿದ್ದೆ. ಜಗಲಿಯಿಂದ ಎರಡು ಸದ್ದು ಬಂತು. ಹಿಡಿ ಕೆಳಗೆ ಹೋದದ್ದು ಒಂದು, ಮೇಲೆ ಬಂದು ಕೂತದ್ದು ಇನ್ನೊಂದು. ಒಳಗೆ ಗುಂಡಿನ ತೋಟೆ ಇರುತ್ತಿರಲಿಲ್ಲ. ಆದರೂ ಅದನ್ನು ಕೇಳಿದ ಕೂಡಲೇ ಬಸಳೆ ಚಪ್ಪರದ ಮೇಲಿನ ಮಂಗಗಳು ಇಳಿದು ಓಡುತ್ತಿದ್ದವು. ಅವತ್ತೂ ಓಡಿದವು. ದಿನಾ ಬೆಳಿಗ್ಗೆ ಕೇಳುವ ಸದ್ದು, ನಾನು ಕಾವಲಿಯಿಂದ ತಲೆ ಎತ್ತಲಿಲ್ಲ.

"ಬೇಬೀ, ಬೇಗ ಮಾಡು. ಎಂಟೂವರೆಯ ಬಸ್ಸು ತಪ್ಪಿದರೆ ಠಾಣೆಯಲ್ಲಿ ಮದುವೆಮನೆಯ ಹಾಗೆ ಸಾಲು ಇರ್ತದೆ" ಎಂದರು ಮಾವ.

ಚುನಾವಣೆ ಬಂದಿತ್ತು. ಚುನಾವಣೆ ಬಂದಾಗಲೆಲ್ಲ ಪರವಾನಗಿ ಇದ್ದವರು ತಮ್ಮ ಕೋವಿಯನ್ನು ಠಾಣೆಗೆ ಒಪ್ಪಿಸಿ ರಶೀದಿ ತರಬೇಕು. ಮತ ಎಣಿಕೆ ಮುಗಿದ ಮೇಲೆ ಹೋಗಿ ತರಬೇಕು. ಗ್ರಾಮ ಪಂಚಾಯತಿನದ್ದು, ವಿಧಾನಸಭೆಯದ್ದು, ಲೋಕಸಭೆಯದ್ದು ಎಂದು ವರ್ಷಕ್ಕೊಂದು ಬಂದೇ ಬರುತ್ತಿತ್ತು. "ನಾನು ಕೋವಿ ಹಿಡಿದು ಕಾಡಿಗೆ ಹೋದದ್ದಕ್ಕಿಂತ ಠಾಣೆಗೆ ಹೋದದ್ದೇ ಹೆಚ್ಚು ಮಾರಾಯ್ತಿ" ಎಂದು ಮಾವ ಹೇಳುತ್ತಿದ್ದರು.

ಮಾವ ಎಂದರೆ ಅಮ್ಮನ ಅಣ್ಣ. ಮದುವೆ ಆದವರಲ್ಲ. ಕಾರ್ಕಳ–ಉಡುಪಿ ದಾರಿಯ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದರು. ನನ್ನ ಗಂಡ ಮಸ್ಕತ್ತಿನಲ್ಲಿ ಇರುವುದರಿಂದ ನಾನು ಅಮ್ಮ ಮತ್ತು ಮಾವನ ಜೊತೆಗೇ ಇದ್ದು, ಮಣಿಪಾಲದ ಒಂದು ಹಾಸ್ಟೆಲಿಗೆ ದಿನಾ ಕೆಲಸಕ್ಕೆ ಹೋಗಿಬರುತ್ತೇನೆ. ಹಿರಿಯಡ್ಕದಿಂದ ಕಾರ್ಕಳದ ಕಡೆಗೆ ಬರುವಾಗ ನಮ್ಮ ಊರು.

ಮಾವನಲ್ಲಿದ್ದಂಥ ಕೋವಿ ನಮ್ಮ ಸುತ್ತಿನಲ್ಲಿ ಬೇರೆ ಯಾರಲ್ಲಿಯೂ ಇರಲಿಲ್ಲ. ಉಳಿದವರದು ನಳಿಗೆ ಬಗ್ಗಿಸಿ ತೋಟೆ ತುಂಬುವ ಜಾತಿ. ಮಾವನದಕ್ಕೆ ಗುಂಡು ಹಾರಿಸಲು ಒತ್ತುವ ಕುದುರೆಯ ಸುತ್ತ ಕಬ್ಬಿಣದ ಬಳೆಯಂಥ ಒಂದು ಹಿಡಿ ಇತ್ತು. ಅದರೊಳಗೆ ಮೂರು ಬೆರಳು ತೂರಿಸಿ ಕೆಳಕ್ಕೆ ಒತ್ತಿ ಮೇಲಕ್ಕೆ ಎಳೆದರೆ ತೋಟೆ ತಾನಾಗಿ ಬಂದು ಕೂರುತ್ತಿತ್ತು. ಅಜ್ಜಿಯ ತಮ್ಮ ಘಟ್ಟದ ಮೇಲೆ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರಂತೆ. ಅಲ್ಲಿಯ ಬಿಳಿ ದೊರೆ ತನ್ನ ದೇಶಕ್ಕೆ ಹಿಂದಿರುಗುವಾಗ ಕೊಟ್ಟು ಹೋದದ್ದು. ಅವರಿಂದ ಅವರ ಅಳಿಯ ಸಂಜೀವ ಮಾವನಿಗೆ ಬಂತು. ನಮ್ಮದು ಅಳಿಯಕಟ್ಟಿನ ಮನೆತನ, ಸೋದರಮಾವನದು ಅಕ್ಕತಂಗಿಯರ ಮಕ್ಕಳಿಗೆ ಬರುವುದು ಹಿಂದಿನ ಕ್ರಮ. "ನನ್ನ ನಂತರ ಇದು ಬೇಬಿಗೆ" ಎಂದು ಮಾವ ಬಂದವರ ಎದುರೆಲ್ಲ ಹೇಳುತ್ತಿದ್ದರು. "ಅವಳು ಎಂತ ಹೊಡೀತಾಳೆ, ಸೊಳ್ಳೆಯಾ?" ಎಂದು ಅಮ್ಮ ಒಳಗಿನಿಂದ ಕೇಳುತ್ತಿದ್ದಳು.

ಆ ಅಳತೆಯ ತೋಟೆ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ನಮ್ಮಲ್ಲಿ ಉಳಿದದ್ದು ಐದು. ಹಾಲಿನಪುಡಿಯ ಹಳೆಯ ಡಬ್ಬಿಯಲ್ಲಿ ಹತ್ತಿ ಹಾಸಿ ಮಲಗಿಸಿದ್ದರು. ನಾನು ಹುಟ್ಟುವ ಮೊದಲಿಂದಲೂ ಐದೇ ಇತ್ತಂತೆ.

ಮಾವನ ಬಾಯಲ್ಲಿ ಒಂದೇ ಒಂದು ಬೇಟೆಯ ಕತೆ ಇತ್ತು. ಬೇಟೆ ನಿಲ್ಲಿಸುವ ಕಾನೂನು ಬರುವ ಮೊದಲು, ಮೀಸೆ ಮೂಡಿದ ಹೊಸದರಲ್ಲಿ, ಅವರು ತಮ್ಮ ಮಾವನ ಜೊತೆ ಕಾರ್ಕಳದ ಆಚೆ ಮಾಳದ ಕಾಡಿಗೆ ಹೋದದ್ದು. ಬೆಳಗಿನ ಮಂಜು, ಒಂದು ತೋಡು, ತೋಡಿನ ಆಚೆ ದಂಡೆಯಲ್ಲಿ ನೀರು ಕುಡಿಯುವ ಕಡವೆ. "ಹಿಡಿ ಕೆಳಗೆ, ಹಿಡಿ ಮೇಲೆ. ಆ ಸದ್ದಿಗೆ ಅದು ತಲೆ ಎತ್ತಿತು ನೋಡು" ಎನ್ನುವವರೆಗೆ ಕತೆ ಯಾವಾಗಲೂ ಒಂದೇ. ಆಮೇಲಿನದು ಮಾತ್ರ ಪ್ರತಿ ಸಲ ಬೇರೆ.

ಸಣ್ಣವಳಿದ್ದಾಗ ನನಗೆ ಜ್ವರ ಬಂದು ಮಲಗಿದ್ದೆ. ಆಗ ಹೇಳಿದ ಕತೆಯಲ್ಲಿ ಕಡವೆ ಮಾವನನ್ನು ನೋಡಿ, ಮತ್ತೂ ಎರಡು ಗುಟುಕು ನೀರು ಕುಡಿದು, ಮೆಲ್ಲ ನಡೆದುಹೋಯಿತು. ಪಕ್ಕದ ಮನೆಗೆ ಅರಣ್ಯ ಇಲಾಖೆಯ ನೆಂಟರೊಬ್ಬರು ಬಂದಾಗ ಗುಂಡು ಮರಕ್ಕೆ ತಾಗಿತು. ನನ್ನನ್ನು ನೋಡಲು ಕಾಪುವಿನಿಂದ ಗಂಡಿನ ಕಡೆಯವರು ಬಂದ ದಿನ ಕಡವೆ ಸತ್ತೇ ಹೋಯಿತು. ಬಾಗಿಲಿನಷ್ಟು ಅಗಲದ ಕೊಂಬು, ಹೊತ್ತು ತರಲು ಆರು ಜನ.

"ಹಾಗಾದರೆ ಆ ಕೊಂಬು ಎಲ್ಲಿ ಉಂಟು?" ಎಂದು ಗಂಡಿನ ದೊಡ್ಡಪ್ಪ ಗೋಡೆ ಹುಡುಕುತ್ತ ಕೇಳಿದರು.

ಮಾವ ತಾವೂ ಗೋಡೆ ನೋಡಿ, "ಕೊಂಬು ತರಲು ಏಳನೆಯವ ಬೇಕಿತ್ತು, ಸಿಗಲಿಲ್ಲ" ಎಂದರು.

ದೊಡ್ಡಪ್ಪ ಬಿದ್ದು ಬಿದ್ದು ನಕ್ಕರು. ಸಂಬಂಧ ಕೂಡಿಬಂತು. ಎಲ್ಲರೂ ಹೋದ ಮೇಲೆ, "ನಿಜವಾಗಿ ಎಂತ ಆದದ್ದು ಮಾವ?" ಎಂದು ಕೇಳಿದೆ. "ನಿನಗೆ ಯಾವುದು ಆಗಬೇಕು?" ಎಂದರು. ಅಮ್ಮ ಗೊಣಗಿದಳು: "ಅಣ್ಣನದು ಯಾವಾಗಲೂ ಹಾಗೇ. ಎದುರಿಗೆ ಇದ್ದವರಿಗೆ ಎಂತ ಬೇಕೋ ಅದು ಹೇಳುವುದು. ಮೂವತ್ತು ವರ್ಷ ಬಸ್ಸಿನಲ್ಲಿ 'ಮುಂದೆ ಸೀಟು ಉಂಟು' ಅಂತ ಹೇಳಿ ಹೇಳಿ ಅಭ್ಯಾಸ."

ಕಳೆದ ಆಯುಧಪೂಜೆಯದೊಂದು ಸಂಗತಿ ಇದೆ. ದೇವರ ಕೋಣೆಯಲ್ಲಿ ಬಾಳೆಎಲೆ ಹಾಸಿ, ಕೋವಿಯನ್ನು ಅಡ್ಡ ಇಟ್ಟು, ಅದರ ಮುಂದೆ ಐದೂ ತೋಟೆಗಳನ್ನು ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಹಾಗೆ ನಿಲ್ಲಿಸಿ, ಒಂದೊಂದಕ್ಕೂ ಕುಂಕುಮ ಹಚ್ಚಿ ಮಾವ ಕೆಂಪು ಕೇಪುಳ ಹೂ ಏರಿಸುತ್ತಿದ್ದರು. ನನ್ನ ಹೊಲಿಗೆ ಮಿಷನ್ನು, ಅಮ್ಮನ ಕತ್ತಿ, ಮಾವನ ಹಳೆಯ ಟಿಕೆಟು ಪಂಚು ಕೂಡ ಅಲ್ಲೇ. ಮರುದಿನ ಬೆಳಿಗ್ಗೆ ಎಲೆ ತೆಗೆದು ಒರೆಸುವುದು ನನ್ನ ಕೆಲಸ. ಅವತ್ತು ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಎಲ್ಲ ಮುಗಿಸಿ ಬಸ್ಸಿಗೆ ಓಡಿದ್ದೆ. ಸಂಜೆ ಬಂದಾಗ ಮಾವ ದೇವರ ಕೋಣೆಯಲ್ಲಿ ಮೊಣಕಾಲೂರಿ ಮಣೆಯ ಅಡಿಯಲ್ಲಿ ಕೈಯಾಡಿಸುತ್ತಿದ್ದರು.

"ಎಂತ ಹುಡುಕುವುದು ಮಾವ?"

"ಕನ್ನಡಕ."

ಕನ್ನಡಕ ಅವರ ಮೂಗಿನ ಮೇಲೆಯೇ ಇತ್ತು. ನಾನು ನಕ್ಕೆ. ಅವರೂ ನಕ್ಕರು. ಕಣ್ಣಿನ ಡಾಕ್ಟರಿಗೆ ತೋರಿಸುವ ಎಂದೆ. ಆಗಲಿ ಎಂದರು.

ಆಮೇಲೆ ಉದ್ದಿನ ಬೆಳೆಯ ಕಾಲದಲ್ಲಿ ಕಡವೆಯೊಂದು ಗದ್ದೆಗೆ ಬರತೊಡಗಿತು. ದಿನಾ ಸಂಜೆ ಬಂದು ಅರ್ಧ ಸಾಲು ಮೇಯ್ದು ಹೋಗುವುದು. ಅಮ್ಮ ಅಣ್ಣನನ್ನು ಕೆಣಕಿದಳು: "ಮನೆಯಲ್ಲಿ ಇಷ್ಟು ದೊಡ್ಡ ಬೇಟೆಗಾರ ಇದ್ದು ನಮಗೆ ಉದ್ದಿನ ದೋಸೆಗೆ ಗತಿ ಇಲ್ಲ." ಮಾವ ಕೋವಿ ತೆಗೆದುಕೊಂಡು ಬದುವಿನ ಮೇಲೆ ಕೂತರು. ನಾನೂ ಹಿಂದೆ ಕೂತೆ. ಹೊಡೆದರೆ ಜೈಲು ಎಂದು ಇಬ್ಬರಿಗೂ ಗೊತ್ತು. ಹೆದರಿಸಿ ಓಡಿಸುವುದಷ್ಟೇ ಎಂದಿದ್ದರು. ಹೊತ್ತು ಇಳಿಯುವಾಗ ಅದು ಬಂತು. ಮಾವ ಕೋವಿ ಎತ್ತಿದರು. ಹಿಡಿ ಕೆಳಗೆ, ಹಿಡಿ ಮೇಲೆ. ಕಡವೆ ತಲೆ ಎತ್ತಿತು. ಮಂಗಗಳ ಹಾಗೆ ಓಡಲಿಲ್ಲ, ಬಾಯಲ್ಲಿ ಉದ್ದಿನ ಬಳ್ಳಿ ಇಟ್ಟುಕೊಂಡೇ ನಮ್ಮನ್ನು ನೋಡಿತು. ಎಷ್ಟು ಹೊತ್ತು ಎಂದು ಹೇಳಲಾರೆ. ಕೊನೆಗೆ ಮಾವನೇ ಕೋವಿ ಕೆಳಗಿಟ್ಟರು.

"ಆಕಾಶಕ್ಕಾದರೂ ಒಂದು ಹೊಡೆಯಬಾರದಾ?" ಎಂದೆ.

"ತೋಟೆ ತರಲು ಮರೆತೆ."

ಬದುವಿನಿಂದ ಇಳಿಯುವಾಗ ಅವರ ಅಂಗಿಯ ಕಿಸೆಯಲ್ಲಿ ತೋಟೆಗಳು ಒಂದಕ್ಕೊಂದು ತಾಗಿ ಸದ್ದಾದದ್ದು ನನಗೆ ಕೇಳಿತು.

ಇನ್ನು ಕೋವಿ ಒಪ್ಪಿಸಲು ಹೋದ ಆ ದಿನ. ಕೋವಿಯನ್ನು ಎಂದಿನಂತೆ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಮಾವ ಬಸ್ಸಿನಲ್ಲಿ ಕೂತಿದ್ದರು. ಹಿಂದಿನ ಸೀಟಿನಲ್ಲಿ ಕಾರ್ಕಳದ ಬೆಟ್ಟ ನೋಡಲು ಹೊರಟ ಮಣಿಪಾಲದ ಕಾಲೇಜು ಹುಡುಗಿಯರು. ಒಬ್ಬಳು ಬಗ್ಗಿ, "ಅಂಕಲ್, ವೀಣೆಯಾ?" ಎಂದು ಕಷ್ಟಪಟ್ಟು ಕನ್ನಡದಲ್ಲಿ ಕೇಳಿದಳು. "ಹೌದಮ್ಮ. ಇದಕ್ಕೆ ಒಂದೇ ಸ್ವರ" ಎಂದರು. ಹುಡುಗಿಗೆ ಸಂತೋಷವಾಯಿತು.

ಠಾಣೆಯಲ್ಲಿ ಪೊಲೀಸರು ಡಬ್ಬಿ ಬಿಚ್ಚಿ ಎಣಿಸಿದರು.

"ನಾಲ್ಕೇ ಉಂಟಲ್ಲ ಅಜ್ಜಾ. ಹಿಂದಿನ ರಶೀದಿಯಲ್ಲಿ ಐದು ಉಂಟು."

"ಒಂದು ಹಾರಿಸಿದೆ. ಹಂದಿ ಬಂದಿತ್ತು. ಆಕಾಶಕ್ಕೆ."

"ಹೊಡೆದ ತೋಟೆಯ ಖಾಲಿ ಕೇಸು ಎಲ್ಲಿ?"

"ಗದ್ದೆಯಲ್ಲಿ ಎಲ್ಲಿಯೋ ಬಿತ್ತು. ಈ ಕಣ್ಣಿಗೆ ಕಾಣಬೇಕಲ್ಲ."

ಹಾಗೇ ಬರೆದುಕೊಡಲು ಹೇಳಿದರು. ಮಾವ ಮುತ್ತಿನಂಥ ಅಕ್ಷರದಲ್ಲಿ ಬರೆದು ರುಜು ಹಾಕಿದರು. ಬರೆಯುವಾಗ ಒಂದು ಸಲ ತಲೆ ಎತ್ತಿ ನನ್ನನ್ನು ನೋಡಿದರು. ಹಿಂದಿರುಗುವ ಬಸ್ಸಿನಲ್ಲಿ ನಾನು ಮೆಲ್ಲ ಕೇಳಿದೆ:

"ಯಾವಾಗ ಹೊಡೆದದ್ದು ಮಾವ?"

"ನೀನು ಮಣಿಪಾಲದಲ್ಲಿ ಇದ್ದಿ."

ಮನೆಗೆ ಬಂದು ಅಮ್ಮನನ್ನು ಕೇಳಿದೆ. ಅವಳು ಮನೆ ಬಿಟ್ಟು ಎಲ್ಲಿಗೂ ಹೋಗುವವಳಲ್ಲ. "ಹೊಡೆದದ್ದಾ? ಪಟಾಕಿ ಹೊಡೆದ ಸದ್ದು ಕೂಡ ನಾನು ಕೇಳಲಿಲ್ಲ" ಎಂದಳು. ಹಾಗಾದರೆ ಆ ಕಡವೆಯನ್ನು ಎಲ್ಲಿಯಾದರೂ ದೂರ ಹೋಗಿ ಹೊಡೆದರೋ ಎಂಬ ಸಂಶಯ ನನಗೆ ಬಂತು. ನಿಜ ಹೇಳಬೇಕೆಂದರೆ ಸಿಟ್ಟೂ ಬಂತು. ಆ ರಾತ್ರಿ ಊಟಕ್ಕೆ ಬಡಿಸುವಾಗ ಮಾವನೊಡನೆ ಹೆಚ್ಚು ಮಾತಾಡಲಿಲ್ಲ. ಅವರು ಗಂಜಿ ಉಂಡು, "ನಾಳೆ ಮಂಗಗಳಿಗೆ ಹಬ್ಬ" ಎಂದು ಮಲಗಲು ಹೋದರು. ಅವರು ನನಗೆ ಹೇಳಿದ ಕೊನೆಯ ಮಾತು ಅದೇ.

ಬೆಳಿಗ್ಗೆ ಜಗಲಿಯಿಂದ ಸದ್ದು ಬರಲಿಲ್ಲ. ಕೋವಿ ಠಾಣೆಯಲ್ಲಿದೆಯಲ್ಲ, ಎಲ್ಲಿಂದ ಬರಬೇಕು ಎಂದು ನಾನು ದೋಸೆ ಹೊಯ್ಯುತ್ತಲೇ ಇದ್ದೆ. ಎಂಟು ಗಂಟೆಗೆ ಅಮ್ಮ ಕೂಗಿದಳು. ಮಾವನ ಬಾಯಿ ಒಂದು ಕಡೆಗೆ ಎಳೆದಿತ್ತು, ಮಾತು ಇರಲಿಲ್ಲ. ಮಣಿಪಾಲದ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದರು. ಬಲಗೈಯ ಮೂರು ಬೆರಳು ಮಾತ್ರ ಹಾಸಿಗೆಯ ಮೇಲೆ ಆಗಾಗ ಮುಂದಕ್ಕೆ ಹೋಗಿ ಹಿಂದಕ್ಕೆ ಬರುತ್ತಿದ್ದವು. ಇದೆಂತ ಮಾಡುವುದು ಎಂದು ನರ್ಸಮ್ಮ ಕೇಳಿದರು. ಮಂಗ ಓಡಿಸುವುದು ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಮಾವ ತೀರಿಕೊಂಡ ಮೇಲೆ ಮತ ಎಣಿಕೆ ಮುಗಿಯಿತು. ಊರಿನ ಉಳಿದ ಕೋವಿಗಳೆಲ್ಲ ಮನೆಗೆ ಬಂದವು. ಮಾವನದು ಇನ್ನೂ ಠಾಣೆಯಲ್ಲಿದೆ. ಪೊಲೀಸರು ನನ್ನನ್ನು ಕರೆದು ಕೂರಿಸಿ ಚೆನ್ನಾಗಿಯೇ ಹೇಳಿದರು: "ನಿಮ್ಮ ಹೆಸರಿಗೆ ಮಾಡಿಸಬಹುದು, ಬೇಡದಿದ್ದರೆ ಸರಕಾರಕ್ಕೆ ಒಪ್ಪಿಸಬಹುದು. ಯಾವುದಾದರೂ ಸರಿ, ಆ ಒಂದು ತೋಟೆ ಎಂತ ಆಯಿತು ಅಂತ ನಿಮಗೆ ಗೊತ್ತಿದ್ದ ಹಾಗೆ ಬರೆದು ರುಜು ಹಾಕಿ." ಕೊಟ್ಟುಬಿಡು, ನಮಗೆ ಎಂತಕ್ಕೆ ಅದು ಎಂದು ಗಂಡ ಫೋನಿನಲ್ಲಿ ಹೇಳಿದರು. ಬೇಬಿಗೆ ಎಂದು ಅಣ್ಣ ಹೇಳಿದ್ದ ಎಂದು ಅಮ್ಮ ಅಂದಳು. ನನಗೆ ಯಾವುದು ಸರಿ ಎಂದು ತೋಚುವುದಿಲ್ಲ. ಅದಕ್ಕಿಂತ ಮೊದಲು ಆ ಕಾಗದ ಬರೆಯಬೇಕಲ್ಲ. ಆಕಾಶಕ್ಕೆ ಹೊಡೆದರು ಎಂದು ಬರೆದರೆ ನಾನು ನಂಬದ್ದಕ್ಕೆ ರುಜು ಹಾಕಿದಂತೆ. ಗೊತ್ತಿಲ್ಲ ಎಂದರೆ, ಅವರು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟದ್ದು ಸುಳ್ಳು ಎಂದು ನಾನೇ ಹೇಳಿದಂತೆ.

ಕಳೆದ ವಾರ ದೇವರ ಕೋಣೆ ಗುಡಿಸುವಾಗ ಆ ಕನ್ನಡಕದ ಸಂಗತಿ ನೆನಪಾಯಿತು. ಅವತ್ತು ಮಾವ ಹುಡುಕಿದ್ದು ಕನ್ನಡಕ ಆಗಿರಲಿಕ್ಕಿಲ್ಲ ಎಂದು ಹೊಳೆದು ಕಸಬರಿಕೆ ಅಲ್ಲೇ ಬಿಟ್ಟು ಕೂತೆ. ಆಯುಧಪೂಜೆಯ ಮರುದಿನ ನಾನು ಬಾಳೆಎಲೆಯನ್ನು ಹೂವಿನ ಸಮೇತ ಮಡಚಿ ಹಲಸಿನ ಮರದ ಬುಡಕ್ಕೆ ಎಸೆದಿದ್ದೆ. ತೋಟೆಗಳನ್ನು ಎತ್ತಿ ಡಬ್ಬಿಗೆ ಹಾಕಿದ್ದು ನೆನಪಿದೆ. ಎಣಿಸಿದ್ದು ನೆನಪಿಲ್ಲ. ಕೇಪುಳ ಹೂವಿನ ರಾಶಿಯ ಒಳಗೆ ಕುಂಕುಮ ಮೆತ್ತಿದ ಬೆರಳುದ್ದದ ವಸ್ತು ಮಲಗಿದ್ದರೆ ಕಾಣುತ್ತಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ.

ಹಾರೆ ತಂದು ಹಲಸಿನ ಬುಡ ಅಗೆದೆ. ಅಮ್ಮ ಜಗಲಿಯಲ್ಲಿ ನಿಂತು, "ಎಂತ ಹುಡುಕುವುದು?" ಎಂದಳು. ಎರಡು ದಿನ ಅಗೆದೆ. ಒಂದು ಮಣ್ಣಿನ ಹಣತೆ, ಪೂಜೆಯ ದಾರದ ತುಂಡು, ನನ್ನ ಹೊಲಿಗೆ ಮಿಷನ್ನಿನ ತುಕ್ಕು ಹಿಡಿದ ಒಂದು ಬಾಬಿನ್ ಸಿಕ್ಕಿದವು. ಮಂಗಗಳು ಚಪ್ಪರದ ಮೇಲೆ ಕೂತು ಬಸಳೆ ತಿನ್ನುತ್ತ ನೋಡುತ್ತಿದ್ದವು.

ಕಾಗದ ಮೇಜಿನ ಮೇಲೆ ಇದೆ. ತೋಟೆ ಇನ್ನೂ ಸಿಕ್ಕಿಲ್ಲ.