ನಮ್ಮ ಪಕ್ಕದ ಮನೆಯ ಅಹಲ್ಯೆ

ಹೋದ ಭಾನುವಾರ ನನ್ನ ಕತೆಯೊಂದನ್ನು ಕೊಂದರು. ಅದೂ ಹಾರ ಹಾಕಿ, ಚಹಾ ಕೊಟ್ಟು.

ಕತೆ ಸಣ್ಣದು. ಮಣ್ಣಗುಡ್ಡದ ಒಬ್ಬ ಹೆಂಗಸು, ಗಂಡ ಬಹರೈನ್‌ನಲ್ಲಿ. ಅವಳು ರವಕೆ ಹೊಲಿಯುತ್ತಾಳೆ, ಗಂಡ ಮಾತಾಡಿ ಕಳಿಸಿದ ಕ್ಯಾಸೆಟ್ ಕೇಳುತ್ತಾಳೆ, ಕಾಯುತ್ತಾಳೆ. ಅಷ್ಟೇ. ಅವಳು ನಮ್ಮ ಪಕ್ಕದ ಮನೆಯ ಸುಮತಿ ಎಂದು ಇಡೀ ಬೀದಿಗೆ ಗೊತ್ತು. (ಕತೆ ಅಚ್ಚಾದ ಪತ್ರಿಕೆ ಹಿಡಿದು ಮನೆಮನೆಗೆ ತೋರಿಸಿದವಳು ಅವಳೇ. ನನಗೆ ಸಿಕ್ಕ ಪ್ರಶಸ್ತಿ ಅದೊಂದೇ.)

ಭಾನುವಾರ ಈ ಕತೆಯ ಮೇಲೆ ನಡೆದ ಗೋಷ್ಠಿಯಲ್ಲಿ ಪ್ರೊಫೆಸರರೊಬ್ಬರು ಎದ್ದರು. ಕತೆಯಲ್ಲಿ ಬರೀ ಮನುಷ್ಯರಿದ್ದರೆ ಇವರಿಗೆ ಆಗಿಬರುವುದಿಲ್ಲ. ಮೀನು ಬಂದರೆ ಮತ್ಸ್ಯಾವತಾರ, ಬಸ್ ಕಂಡಕ್ಟರ್ ಬಂದರೆ ಚಿತ್ರಗುಪ್ತ. ಸುಮತಿಯನ್ನು ಅಹಲ್ಯೆ ಮಾಡಿದರು. ಕಲ್ಲಾಗಿ ಕಾಯುವ ಹೆಣ್ಣಂತೆ. ಹೊಲಿಗೆ ಮೆಷಿನ್ನಿನ ಚಕ್ರ ಕಾಲಚಕ್ರವಂತೆ. ಚಪ್ಪಾಳೆಯೋ ಚಪ್ಪಾಳೆ. ನಾನೇ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದ್ದ ಸುಮತಿಯೂ ತಟ್ಟಿದಳು, ಪಾಪ.

ಬೇರೆ ಊರಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇದು ಮಂಗಳೂರು. ಇಲ್ಲಿ ಹೋಟೆಲ್ ಸಪ್ಲೈಯರ್‌ನಿಂದ ಡಾಕ್ಟರ್ ತನಕ ಎಲ್ಲರೂ ತಾಳಮದ್ದಳೆಯಲ್ಲಿ ದೇವರುಗಳ ವಾದ ಕೇಳಿ ಬೆಳೆದವರು. ಇವರ ಕೈಗೆ ಅಹಲ್ಯೆಯನ್ನು ಕೊಟ್ಟರೆ, ಗಂಡನಿಲ್ಲದ ಹೊತ್ತಿಗೆ ವೇಷ ಮರೆಸಿಕೊಂಡು ಬಂದವನನ್ನು ಹುಡುಕದೆ ಬಿಟ್ಟಾರೆಯೇ?

ಮರುದಿನವೇ ಬಟ್ಟೆ ಅಂಗಡಿಯ ಶೆಟ್ಟರು ಹೋಟೆಲಿನಲ್ಲಿ ಬನ್ಸ್ ಮುರಿಯುತ್ತ ಕೇಳಿದರು: "ಅಹಲ್ಯೆ ಸರಿ ಮಾರಾಯ್ರೆ. ಇಂದ್ರ ಯಾರು?"

ಬುಧವಾರದ ಹೊತ್ತಿಗೆ ಊರಲ್ಲಿ ನಾಲ್ಕೈದು ಇಂದ್ರರು ಹುಟ್ಟಿಕೊಂಡಿದ್ದರು. (ಬೇಲಿಯಾಚೆಯವನಾದ್ದರಿಂದ ನಾನೂ ಒಬ್ಬ. ಮನೆಯವಳು ಮಾತು ಬಿಟ್ಟಿದ್ದಾಳೆ.)

ನಿನ್ನೆ ಸುಮತಿ ಬೇಲಿಯ ಹತ್ತಿರ ನಿಂತಿದ್ದಳು. ರವಕೆ ಹೊಲಿಸಲು ಬಂದವರು ಈಗ ಅಳತೆ ಕೊಡುವುದು ಬಿಟ್ಟು ಕೋಣೆಯೊಳಗೆ ಇಣುಕುತ್ತಾರಂತೆ.

"ನಿಮ್ಮ ಕತೆಯಲ್ಲಿ ಅಂಥವ ಯಾರೂ ಇಲ್ಲ ಅಲ್ವಾ ಅಣ್ಣ? ನಾನು ಪುನಃ ಓದಿ ನೋಡಿದೆ" ಅಂದಳು. "ಇವರು ಬರುವ ತಿಂಗಳು ರಜೆಯಲ್ಲಿ ಬರ್ತಾರೆ. ಯಾರಾದ್ರೂ ಕಿವಿಗೆ ಹಾಕಿದ್ರೆ ನಾನು ಎಂತ ಹೇಳುದು?"

ನನಗೆ ಪಿತ್ತ ನೆತ್ತಿಗೇರಿತು. ನೇರ ದೇರೆಬೈಲಿಗೆ, ಪ್ರೊಫೆಸರರ ಮನೆಗೆ ಹೋದೆ. ಅವರು ನಕ್ಕರು. ಇಂದ್ರ ವ್ಯಕ್ತಿಯೇ ಅಲ್ಲ, ಬಯಕೆಯ ಪ್ರತೀಕ. ಜನರಿಗೆ ಓದುವ ಸಂಸ್ಕಾರವಿಲ್ಲ ಎಂದರು. ಬೇಕಾದರೆ ಇನ್ನೊಂದು ಲೇಖನ ಬರೆದು ವಿವರಿಸುತ್ತಾರಂತೆ.

ಬೇಡ ಸ್ವಾಮಿ, ಲೇಖನ ಬೇಡ. ಬಾಂಬೆ ಬಸ್ಸಿನಿಂದ ಸೂಟ್‌ಕೇಸ್ ಹಿಡಿದು ಇಳಿಯುವ ಅವಳ ಗಂಡನಿಗೆ ಈ ಪ್ರತೀಕವನ್ನು ವಿವರಿಸಲು ಬಸ್‌ಸ್ಟ್ಯಾಂಡಿಗೆ ನೀವು ಬರುತ್ತೀರಾ?